ಹಾಲುಜ್ವರದ ಕ್ಯಾಲ್ಸಿಯಂ ಎರಡು ಕಡೆ ಯಾಕೆ ಹಾಕ್ತಾರೆ?

ಅಣ್ಣ, ಕರು ಹಾಕಿದ ಮರುದಿನ ನಿಮ್ಮ ಹಸು ಕುತ್ತಿಗೆ ಮಡಚಿ ಮಲಗಿಬಿಟ್ಟಿತು, ಡಾಕ್ಟ್ರು ಕ್ಯಾಲ್ಸಿಯಂ ಅರ್ಧ ನರಕ್ಕೆ (ರಕ್ತನಾಳಕ್ಕೆ), ಅರ್ಧ ಚರ್ಮದ ಕೆಳಗೆ ಹಾಕಿದರು ಅಂದಿರಿ. ಹಾಲುಜ್ವರ ಅಂದರೆ ಕರು ಹಾಕಿದ ಹಸುವಿನ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದುಹೋಗುವುದು. ಅವರು ಮಾಡಿದ್ದು ಸರಿಯಾಗಿಯೇ ಇದೆ. ನರಕ್ಕೆ ಹೋಗಿದ್ದು ಆಗಲೇ ಕೆಲಸ ಮಾಡಿ ಹಸುವನ್ನು ಎಬ್ಬಿಸುತ್ತದೆ. ಆದರೆ ಕೆಲವು ಗಂಟೆ ಕಳೆದ ಮೇಲೆ ರಕ್ತದ ಕ್ಯಾಲ್ಸಿಯಂ ಮತ್ತೆ ಇಳಿಯಬಹುದು. ಚರ್ಮದಡಿ ಹಾಕಿದ್ದು ನಿಧಾನಕ್ಕೆ ಇಂಗುತ್ತಾ ಆ ಹೊತ್ತಿಗೆ ಒದಗುತ್ತದೆ. ಅಲ್ಲಿ ಊತ ಕಂಡರೆ ಗಾಬರಿ ಬೇಡ, ಮೆಲ್ಲಗೆ ಉಜ್ಜಿ.

ಮುಂದಿನ ಸಲ ನಾನೇ ಹಾಕಲಾ ಅಂತ ಕೇಳಿದ್ದೀರಿ. ನರಕ್ಕೆ ಮಾತ್ರ ಖಂಡಿತ ಬೇಡ. ಕ್ಯಾಲ್ಸಿಯಂ ಬೇಗ ಹೋದರೆ ಹೃದಯವೇ ನಿಂತುಬಿಡುತ್ತದೆ. ಡಾಕ್ಟ್ರು ಬಾಟಲಿ ಕೆಳಗಿಳಿಸಿ ಹರಿವು ತಗ್ಗಿಸುವುದು, ಎದೆಬಡಿತ ಕೇಳುತ್ತಾ ಕೂರುವುದು ಅದಕ್ಕೇ. ಡೆಕ್ಸ್ಟ್ರೋಸ್ (ಒಂದು ಬಗೆಯ ಸಕ್ಕರೆ) ಬೆರೆತ ಬಾಟಲಿಯನ್ನು ಚರ್ಮದಡಿಯೂ ಹಾಕಬಾರದು, ಅಲ್ಲಿನ ಚರ್ಮ ಕೊಳೆತು ಕಿತ್ತುಬರಬಹುದು.

ಬೇರೆ ಔಷಧಿಗೂ ಅಷ್ಟೇ, ಲೇಬಲ್ ನೋಡಿ. ಐಎಂ ಅಂದರೆ ಮಾಂಸಕ್ಕೆ, ಎಸ್‌ಸಿ ಅಂದರೆ ಚರ್ಮದಡಿ, ಐವಿ ಅಂದರೆ ನರಕ್ಕೆ. ಹುಳಕ್ಕೆ, ಉಣ್ಣೆಗೆ ಕೊಡುವ ಐವರ್‌ಮೆಕ್ಟಿನ್ ಚರ್ಮದಡಿ ಹೋಗಬೇಕು. ಹಾಲಿನ ಹಾಗೆ ಬೆಳ್ಳಗಿರುವ ಪ್ರೊಕೇನ್ ಪೆನಿಸಿಲಿನ್ ಮಾಂಸಕ್ಕೆ ಹಾಕುವಂಥದ್ದು, ನರಕ್ಕೆ ಹೋದರೆ ಜೀವಕ್ಕೇ ಕುತ್ತು. ಡಾಕ್ಟ್ರು ಬರೆದುಕೊಟ್ಟು ನೀವೇ ಮಾಂಸಕ್ಕೆ ಹಾಕುವುದಾದರೆ, ಸೂಜಿ ಚುಚ್ಚಿದ ಮೇಲೆ ಪಿಸ್ಟನ್ ಸ್ವಲ್ಪ ಹಿಂದಕ್ಕೆಳೆದು ನೋಡಿ. ರಕ್ತ ಬಂದರೆ ಸೂಜಿ ತೆಗೆದು ಬೇರೆ ಜಾಗಕ್ಕೆ ಹಾಕಿ. ಉದ್ದಕಾಲ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಒಂದೇ ಜಾಗಕ್ಕೆ 10 ಮಿ.ಲೀ.ಗಿಂತ ಜಾಸ್ತಿ ಬೇಡ.

ಜಾಗ ಅಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಚಪ್ಪೆ, ಅಂದರೆ ಹಿಂಭಾಗದ ಕುಂಡಿ. ಕರುಗಳಿಗಂತೂ ಅಲ್ಲಿ ಬೇಡ. ಅಲ್ಲಿ ಮಾಂಸ ಕಮ್ಮಿ, ಕಾಲಿನ ದೊಡ್ಡ ನರತಂತು ಹತ್ತಿರದಲ್ಲೇ ಹಾದುಹೋಗುತ್ತದೆ. ಅದಕ್ಕೆ ತಾಗಿದರೆ ಕರು ಕಾಲೆಳೆಯುತ್ತದೆ. ಭುಜದ ಮುಂದಿನ ಕುತ್ತಿಗೆಯ ಪಕ್ಕ ಒಳ್ಳೆಯದು. ಮನುಷ್ಯರಲ್ಲೂ ನಾಯಿ ಕಚ್ಚಿದಾಗ ರೇಬಿಸ್ ಲಸಿಕೆಯನ್ನು ತೋಳಿಗೇ ಹಾಕುತ್ತಾರೆ, ಕುಂಡಿಗಲ್ಲ. ಅಲ್ಲಿ ಕೊಬ್ಬು ಜಾಸ್ತಿ, ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ.

ಹಸು ಮತ್ತೆ ಮಲಗಿದರೆ ತಡಮಾಡಬೇಡಿ, ನಿಮ್ಮ ಡಾಕ್ಟ್ರಿಗೋ ಪಶು ಸಹಾಯವಾಣಿ 1962ಕ್ಕೋ ಫೋನ್ ಮಾಡಿ. ಅವರು ಬರುವವರೆಗೆ ಪಕ್ಕಕ್ಕೆ ಹುಲ್ಲು ತುಂಬಿದ ಚೀಲ ಕೊಟ್ಟು ಎದೆಯ ಮೇಲೆ ಕೂರಿಸಿ, ಒಂದೇ ಮಗ್ಗುಲಿಗೆ ಬಿದ್ದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಬಾಯಿಗೆ ಏನೂ ಹೊಯ್ಯಬೇಡಿ, ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕ್ಯಾಲ್ಸಿಯಂ ಬಾಟಲಿ ಮನೆಯಲ್ಲಿದ್ದರೆ ಬಿಸಿನೀರಲ್ಲಿಟ್ಟು ಮೈಬಿಸಿಗೆ ತಂದಿಡಿ.