ಮನೆ ನೀರು: ಸೋರಿಕೆ ಅಲಾರಂ ಎಲ್ಲಿಡಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲಿವೆ. ನೀರು ಸೋರಿದರೆ ಕೂಗುವ ಅಲಾರಂ ಯಾವುದು ತಗೋಬೇಕು, ಎಲ್ಲಿಡಬೇಕು ಅಂತ ಕೇಳಿದ್ದೀರಿ. ದಾವಣಗೆರೆಯಲ್ಲಿ 32 ವರ್ಷದಿಂದ ಪ್ಲಂಬಿಂಗ್ ಕೆಲಸ ಮಾಡುತ್ತಿದ್ದೇನೆ. ನನ್ನ ಮನೆಯಲ್ಲೂ ಇಂಥ ಮೂರು ಅಲಾರಂ ಇವೆ. ಕೈಯಾರೆ ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ: ಅಣ್ಣಾ, ನಮ್ಮದು ಎರಡು ಅಂತಸ್ತಿನ ಮನೆ. ಹೋದ ತಿಂಗಳು ಅಡುಗೆಮನೆ ಸಿಂಕಿನ ಕೆಳಗೆ ಪೈಪ್ ಸೋರಿ ಕಪಾಟಿನ ಪ್ಲೈವುಡ್ ಎಲ್ಲಾ ಊದಿಕೊಂಡಿತು. ಮಗ ಆರು ಲೀಕ್ ಅಲಾರಂ ತರಿಸೋಣ ಅಂತಿದ್ದಾನೆ. ಅಷ್ಟು ಬೇಕಾ? ಎಲ್ಲೆಲ್ಲಿ ಇಡಬೇಕು?
– ಗೃಹಿಣಿ, ವಿದ್ಯಾನಗರ, ದಾವಣಗೆರೆ

ಆರು ಬೇಡ ತಾಯಿ. ಮೂರು ತರಿಸಿ, ಸರಿಯಾದ ಜಾಗದಲ್ಲಿಡಿ. ಆಮೇಲೆ ಬೇಕೆನಿಸಿದರೆ ಒಂದೊಂದೇ ಸೇರಿಸಿ.

ಈ ಅಲಾರಂನ ತಳದಲ್ಲಿ ಎರಡು ಸಣ್ಣ ಲೋಹದ ಮೊಳೆ ಇರುತ್ತವೆ. ನೆಲದ ಮೇಲೆ ನೀರು ಹರಿದು ಎರಡೂ ಮೊಳೆ ಒದ್ದೆಯಾದರೆ ಒಂದರಿಂದ ಇನ್ನೊಂದಕ್ಕೆ ಸ್ವಲ್ಪ ಕರೆಂಟ್ ಹರಿಯುತ್ತದೆ. ಆಗ ಅದು ಕೂಗುತ್ತದೆ. ಅಷ್ಟೇ ಅದರ ಕೆಲಸ. ಒಂದು ಅಡಿ ಆಚೆ ನೀರು ನಿಂತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ಯಾವ ಕಂಪನಿಯದು ಅನ್ನುವುದಕ್ಕಿಂತ ಎಲ್ಲಿಟ್ಟಿದ್ದೀರಿ ಅನ್ನುವುದು ಮುಖ್ಯ.

ಜಾಗ ಹುಡುಕಲು ಸುಲಭದ ದಾರಿ ಹೇಳುತ್ತೇನೆ. ಒಂದು ತಂಬಿಗೆ ನೀರು ತಗೊಳ್ಳಿ. ಸಿಂಕಿನ ಕೆಳಗೆ ಪೈಪ್ ಜೋಡಿಸಿರುವ ಕಡೆಯಿಂದ ಸ್ವಲ್ಪ ಸ್ವಲ್ಪವೇ ಸುರಿಯಿರಿ. ನೀರು ಯಾವ ಕಡೆ ಓಡುತ್ತದೆ, ಎಲ್ಲಿ ಹೋಗಿ ನಿಲ್ಲುತ್ತದೆ ನೋಡಿ. ಟೈಲ್ಸ್ ಕಣ್ಣಿಗೆ ಸಮವಾಗಿ ಕಂಡರೂ ವಾಟ ಒಂದು ಕಡೆ ಇದ್ದೇ ಇರುತ್ತದೆ. ನೀರು ಮೊದಲು ಮುಟ್ಟಿದ ಜಾಗಕ್ಕೆ ಪೇಂಟಿನಲ್ಲಿ ಒಂದು ಚುಕ್ಕೆ ಇಡಿ. ಅಲಾರಂ ಅಲ್ಲಿಯೇ ಇರಬೇಕು. ಸಾರಿಸುವಾಗ ಎತ್ತಿಟ್ಟರೂ ವಾಪಸ್ ಆ ಚುಕ್ಕೆಯ ಮೇಲೇ ಬರಬೇಕು. ಮ್ಯಾಟ್ ಮೇಲೆ ಇಡಬೇಡಿ. ಮೊಳೆ ನೆಲಕ್ಕೆ ತಾಕಿರಬೇಕು.

ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಕಟ್ಟಿದವರು ಮೊದಲು ನೀರಿನ ದಾರಿ ನೋಡಿದರು, ಆಮೇಲೆ ಕಲ್ಲು ಇಟ್ಟರು. ನನಗೆ ಆ ಹೊಂಡಗಳ ಮುಂದೆ ನಿಂತಾಗಲೆಲ್ಲ ಕೈಮುಗಿಯಬೇಕು ಅನಿಸುತ್ತದೆ.

ನಿಮ್ಮ ಮನೆಗೆ ಮೊದಲ ಅಲಾರಂ ಸಿಂಕಿನ ಕೆಳಗೇ ಇರಲಿ. ಅಲ್ಲಿ ನೀರಿನ ಫಿಲ್ಟರ್ ಕೂಡ ಇದ್ದರೆ ಅದರ ಸಣ್ಣ ಬಿಳಿ ಪೈಪುಗಳು ಬೇಗ ಕಳಚುತ್ತವೆ. ಎರಡನೆಯದು ವಾಷಿಂಗ್ ಮಷಿನ್ ಹಿಂದೆ. ಬಹಳ ಮನೆಗಳಲ್ಲಿ ಬಟ್ಟೆ ಒಗೆದ ಮೇಲೂ ನಲ್ಲಿ ತೆರೆದೇ ಬಿಟ್ಟಿರುತ್ತಾರೆ, ಪೈಪಿನ ಮೇಲೆ ಹಗಲು ರಾತ್ರಿ ಒತ್ತಡ ಇರುತ್ತದೆ. ಮೂರನೆಯದು ಯಾರೂ ದಿನಾ ನೋಡದ ಜಾಗಕ್ಕೆ. ಅಟ್ಟದ ಮೇಲೆ ಗೀಸರ್ ಇದ್ದರೆ ಅಲ್ಲಿ, ಇಲ್ಲದಿದ್ದರೆ ಮಹಡಿಯ ವಾಷ್ ಬೇಸಿನ್ ಕೆಳಗೆ. ಮಹಡಿಯಲ್ಲಿ ಸೋರಿದ್ದು ಕೆಳಗಿನ ಸೀಲಿಂಗಿನಲ್ಲಿ ಕಲೆ ಬೀಳುವವರೆಗೆ ಗೊತ್ತೇ ಆಗುವುದಿಲ್ಲ, ಅಲ್ವಾ?

ಬಚ್ಚಲುಮನೆಯ ನೆಲದ ಮೇಲೆ ಇಡಬೇಡಿ. ದಿನಾ ಒದ್ದೆಯಾಗುವ ಜಾಗ ಅದು. ದಿನಾ ಸುಮ್ನೆ ಕೂಗಿದರೆ ನಾಲ್ಕನೇ ದಿನ ನೀವೇ ಬ್ಯಾಟರಿ ತೆಗೆದಿಡುತ್ತೀರಿ. ಹೊಸ್ತಿಲಿನ ಹೊರಗೆ ಇಟ್ಟರೆ ಸಾಕು. ನೀರು ಹೊಸ್ತಿಲು ದಾಟಿತು ಅಂದರೆ ಅದು ಸ್ನಾನದ ನೀರಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಟ್ಯಾಂಕ್ ತುಂಬಿದರೆ ಕೂಗುವ ಅಲಾರಂ ಇದೆ. ಮೋಟರ್ ಕೂಡ ಆಟೊಮ್ಯಾಟಿಕ್, ತಾನೇ ಆನ್ ಆಗಿ ತಾನೇ ಆಫ್ ಆಗುತ್ತದೆ. ಇಷ್ಟೆಲ್ಲ ಇರುವಾಗ ಸೋರಿಕೆ ಅಲಾರಂ ಬೇರೆ ಯಾಕೆ?
– ನಿವೃತ್ತ ಶಿಕ್ಷಕರು, ನಿಟ್ಟುವಳ್ಳಿ, ದಾವಣಗೆರೆ

ಮೇಷ್ಟ್ರೇ, ನಿಮ್ಮಂಥ ಮನೆಗೇ ಅದು ಜಾಸ್ತಿ ಬೇಕು. ಯಾಕೆ ಅಂತ ನನ್ನ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ ನೆಂಟರ ಮದುವೆಗೆ ನಾವೆಲ್ಲ ಚಿತ್ರದುರ್ಗಕ್ಕೆ ಹೋಗಿದ್ದೆವು. ಶನಿವಾರ ಬೆಳಿಗ್ಗೆ ಹೋದವರು ಭಾನುವಾರ ಸಂಜೆ ಬಂದೆವು. ಬಾಗಿಲು ತೆಗೆದರೆ ಪಡಸಾಲೆಯಲ್ಲಿ ಪಾದ ಮುಳುಗುವಷ್ಟು ನೀರು. ವಾಷ್ ಬೇಸಿನ್ ಕೆಳಗಿನ ಕನೆಕ್ಷನ್ ಪೈಪ್ ಬಾಯಿಬಿಟ್ಟಿತ್ತು. ಮೇಲೆ ಸ್ಟೀಲಿನ ಹೆಣಿಗೆ, ಒಳಗೆ ರಬ್ಬರ್ ಇರುತ್ತದಲ್ಲ, ಅದು. ಬರೀ ಅಷ್ಟೇ ಆಗಿದ್ದರೆ ಮೇಲಿನ ಟ್ಯಾಂಕಿನ 1,000 ಲೀಟರ್ ಹರಿದು ನಿಲ್ಲಬೇಕಿತ್ತು. ಆದರೆ ನಮ್ಮ ಮೋಟರ್ ಆಟೊಮ್ಯಾಟಿಕ್. ಟ್ಯಾಂಕ್ ಖಾಲಿಯಾದಾಗಲೆಲ್ಲ ಅದು ಆನ್ ಆಗಿ ಸಂಪಿನಿಂದ ನೀರೆತ್ತಿ ತುಂಬಿಸಿದೆ. ಅದಕ್ಕೇನು ಗೊತ್ತು, ನೀರು ಬಳಕೆಗೆ ಹೋಗುತ್ತಿದೆಯೋ ನೆಲಕ್ಕೆ ಹೋಗುತ್ತಿದೆಯೋ ಅಂತ. ನಮ್ಮ ಸಂಪು ಆರಡಿ ಉದ್ದ, ಆರಡಿ ಅಗಲ, ಆರಡಿ ಆಳ. ತುಂಬಿದರೆ ಸುಮಾರು 6,000 ಲೀಟರ್. ಆವತ್ತು ಅರ್ಧಕ್ಕಿಂತ ಜಾಸ್ತಿ ಇತ್ತು. ಎಲ್ಲಾ ಮನೆಯೊಳಗೆ ಬಂತು. ಸಂಪು ಬರಿದಾದ ಮೇಲೆ ಮೋಟರ್ ಒಣಗಿ ಓಡಿ ಸುಟ್ಟಿತು.

ಅಕ್ಕಿ ಮೂಟೆ ಎರಡು ಹೋದವು. ಅದಕ್ಕೆ ನನಗೆ ಅಷ್ಟು ಬೇಜಾರಿಲ್ಲ. ಬೀರುವಿನ ಕೆಳಗಿನ ಖಾನೆಯಲ್ಲಿ ಮಗಳ ಅಂಕಪಟ್ಟಿಗಳಿದ್ದವು, ನಮ್ಮ ತಾಯಿಯ ಹಳೇ ಫೋಟೊಗಳಿದ್ದವು. ಅಂಕಪಟ್ಟಿ ಮತ್ತೆ ತೆಗೆಸಿದೆವು. ತಾಯಿಯ ಫೋಟೊದಲ್ಲಿ ಈಗ ಮುಖ ಕಾಣುವುದಿಲ್ಲ.

ಟ್ಯಾಂಕ್ ಅಲಾರಂ ಕೂಗುವುದು ನೀರು ಮೇಲೆ ತುಂಬಿದಾಗ. ನಿಮಗೆ ಬೇಕಿರುವುದು ಕೆಳಗೆ ಚೆಲ್ಲಿದಾಗ ಕೂಗುವುದು. ಎರಡೂ ಬೇರೆ. ಜೊತೆಗೆ ಇವಿಷ್ಟು ಮಾಡಿ. ಒಂದು ರಾತ್ರಿಗಿಂತ ಜಾಸ್ತಿ ಊರಿಗೆ ಹೋಗುವಾಗ ಆಟೊಮ್ಯಾಟಿಕ್ ಸ್ಟಾರ್ಟರ್ ಆಫ್ ಮಾಡಿ, ಟ್ಯಾಂಕಿನಿಂದ ಮನೆಗೆ ಇಳಿಯುವ ಪೈಪಿನ ವಾಲ್ ಮುಚ್ಚಿ. ಸಂಪಿನಲ್ಲಿ ನೀರಿಲ್ಲದಾಗ ಮೋಟರ್ ನಿಲ್ಲಿಸುವ ಸೆನ್ಸರ್ ಇಲ್ಲದಿದ್ದರೆ ಹಾಕಿಸಿ. ಕನೆಕ್ಷನ್ ಪೈಪುಗಳನ್ನು ನಾನು ಈಗ 5 ವರ್ಷಕ್ಕೊಮ್ಮೆ ಬದಲಿಸಿಬಿಡುತ್ತೇನೆ, ಸೋರಲಿ ಬಿಡಲಿ.

ಆ ವಾಲ್ ಎಲ್ಲಿದೆ ಅಂತ ಮನೆಯವರಿಗೆಲ್ಲ ತೋರಿಸಿ. ಅಲಾರಂ ಕೂಗಬಹುದು, ನೀರು ನಿಲ್ಲಿಸುವುದು ಮನುಷ್ಯರೇ. ನಲ್ಲಿಗೆ ನೇರ ಬೀದಿಯ ನೀರು ಬರುವ ಊರುಗಳಲ್ಲಿ ಬೀದಿ ಕಡೆಯ ವಾಲ್ ಮುಚ್ಚು ಅಂತ ಹೇಳಿಕೊಡುತ್ತಾರೆ. ನಮ್ಮಲ್ಲಿ ಬೀದಿ ನೀರು ಸಂಪಿಗೆ ಬೀಳುತ್ತದೆ, ಅದೂ ದಿನಾ ಬರುವುದಿಲ್ಲ. ನಮಗೆ ಮುಖ್ಯವಾದ ವಾಲ್ ತಾರಸಿಯ ಮೇಲಿದೆ. ಎಷ್ಟೋ ಮನೆಗಳಲ್ಲಿ ಆ ವಾಲನ್ನು ಹತ್ತು ವರ್ಷದಿಂದ ಯಾರೂ ಮುಟ್ಟಿರುವುದಿಲ್ಲ. ಹಿಡಿ ತುಕ್ಕು ಹಿಡಿದಿರುತ್ತದೆ. ಈ ಭಾನುವಾರವೇ ಒಮ್ಮೆ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಕಾಲು ಸುತ್ತಿಗೆ ತೆರೆದು ಮುಚ್ಚುವ ಬಾಲ್ ವಾಲ್ ಹಾಕಿಸಿ, ನಿಮ್ಮ ಮನೆಯವರೂ ಸುಲಭವಾಗಿ ಮುಚ್ಚಬಹುದು.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ದಾವಣಗೆರೆ ಎಂ.ಸಿ.ಸಿ. ಬಿ ಬ್ಲಾಕಿನ ಮನೆಯಲ್ಲಿ ಅಮ್ಮ ಒಬ್ಬರೇ ಇರುತ್ತಾರೆ. ಕಿವಿ ಸ್ವಲ್ಪ ಮಂದ. ನನ್ನ ಮೊಬೈಲಿಗೆ ಸಂದೇಶ ಬರುವ ವೈಫೈ ಅಲಾರಂ ಹಾಕಿಸಬಹುದೇ?

ಹಾಕಿಸಪ್ಪ, ನಿನ್ನ ಅಮ್ಮನಿಗೆ ಅದೇ ಸರಿ. ಸಾದಾ ಅಲಾರಂ ನೂರುಗಳ ಲೆಕ್ಕದಲ್ಲಿ ಸಿಗುತ್ತದೆ, ಇದು ಸಾವಿರ ದಾಟುತ್ತದೆ. ಆದರೂ ಅವರೊಬ್ಬರೇ ಇರುವಾಗ ದುಡ್ಡು ನೋಡಬೇಡ.

ತಗೊಳ್ಳುವಾಗ ಮೂರು ಸಂಗತಿ ಗಮನಿಸು. ಇಂಥವು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ, ಮನೆಯ ರೂಟರಿನಲ್ಲಿ ಅದು ಆನ್ ಇರಬೇಕು. ಕೆಲವು ನೇರ ವೈಫೈಗೆ ಸೇರುವುದಿಲ್ಲ, ನಡುವೆ ಸಂಪರ್ಕ ಕೊಡುವ ಹಬ್ ಅನ್ನುವ ಸಣ್ಣ ಡಬ್ಬಿ ಬೇರೆ ಕೊಳ್ಳಬೇಕು. ಡಬ್ಬಿಯ ಮೇಲೆ ಓದಿ ತಗೋ. ಇನ್ನೊಂದು ದೊಡ್ಡದು: ಕರೆಂಟ್ ಹೋದರೆ ರೂಟರ್ ಆರುತ್ತದೆ, ಆಗ ನಿನಗೆ ಸಂದೇಶ ಬರುವುದಿಲ್ಲ. ರೂಟರನ್ನು ಇನ್ವರ್ಟರ್ ಲೈನಿಗೆ ಹಾಕಿಸು. ಅಲಾರಂಗೆ ಅದರದ್ದೇ ಬ್ಯಾಟರಿ, ಅದರದ್ದೇ ಸದ್ದು ಎರಡೂ ಇರಬೇಕು. ಬರೀ ಮೊಬೈಲಿಗೆ ತಿಳಿಸಿ ತಾನು ಸುಮ್ಮನಿರುವಂಥದ್ದು ತಗೋಬೇಡ.

ಸಂದೇಶ ಬಂದಾಗ ಬೆಂಗಳೂರಿನಲ್ಲಿ ಕೂತು ನೀನೇನು ಮಾಡುತ್ತೀಯ? ಅದನ್ನು ಈಗಲೇ ಯೋಚಿಸು. ಪಕ್ಕದ ಮನೆಯವರ ಹತ್ತಿರ ಒಂದು ಕೀಲಿ ಕೊಡು, ವಾಲ್ ತೋರಿಸು, ಅವರ ನಂಬರ್ ಇಟ್ಟುಕೋ. ಅಮ್ಮನಿಗೆ ಮಾತ್ರ ಒದ್ದೆ ನೆಲದ ಮೇಲೆ ಓಡಾಡಬೇಡ ಅಂತ ಹೇಳು. ಜಾರಿ ಬಿದ್ದರೆ ನೀರಿಗಿಂತ ಅದು ದೊಡ್ಡ ನಷ್ಟ. ವಾಷಿಂಗ್ ಮಷಿನ್ ಹತ್ತಿರವೋ ಪ್ಲಗ್ ಹತ್ತಿರವೋ ನೀರು ನಿಂತಿದ್ದರೆ ಬಂದವರು ಮೊದಲು ಒಣ ಕೈಯಲ್ಲಿ ಮೇನ್ ಆಫ್ ಮಾಡಬೇಕು, ಆಮೇಲೆ ನೀರಿಗೆ ಕಾಲಿಡಬೇಕು.

ಸೋರಿದ ತಕ್ಷಣ ತಾನೇ ಮುಚ್ಚಿಕೊಳ್ಳುವ ಮೋಟರ್ ವಾಲ್ ಕೂಡ ಸಿಗುತ್ತದೆ. ಹಾಕಿಸುವುದಾದರೆ ಟ್ಯಾಂಕಿನಿಂದ ಇಳಿಯುವ ಪೈಪಿಗೇ ಹಾಕಿಸು. ಬೀದಿ ಕಡೆ ಹಾಕಿದರೆ ಏನೂ ಉಪಯೋಗವಿಲ್ಲ.

ಪ್ರಶ್ನೆ: ನಮ್ಮದು ಬೋರ್ ನೀರು, ತುಂಬಾ ಗಡಸು. ಅಲಾರಂ ಒಂದು ವರ್ಷ ಸರಿಯಿತ್ತು. ಈಗ ಒಣಗಿದ ನೆಲದ ಮೇಲೂ ಕೂಗುತ್ತದೆ.
– ತುರುವನೂರು ರಸ್ತೆ, ಚಿತ್ರದುರ್ಗ

ತಿರುಗಿಸಿ ನೋಡಿ, ಎರಡು ಮೊಳೆಯ ನಡುವೆ ಬಿಳಿ ಉಪ್ಪು ಕಟ್ಟಿರುತ್ತದೆ. ಗಾಳಿಯ ತೇವಕ್ಕೇ ಅದು ಒದ್ದೆಯಾಗಿ ಕರೆಂಟ್ ಹರಿಸುತ್ತದೆ. ಬ್ಯಾಟರಿ ತೆಗೆದು, ನಿಂಬೆಹುಳಿ ಹಚ್ಚಿದ ಬಟ್ಟೆಯಲ್ಲಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ. ಕೆಲವು ಸಲ ತುಕ್ಕು ಹಿಡಿದು ಕೂಗುವುದನ್ನೇ ಬಿಡುತ್ತದೆ, ಅದು ಇನ್ನೂ ಅಪಾಯ. ಅಮಾವಾಸ್ಯೆ ದಿನ ಗಾಡಿ ತೊಳೆದು ಪೂಜೆ ಮಾಡುತ್ತೀರಲ್ಲ, ಆವತ್ತೇ ಒದ್ದೆ ಬೆರಳಲ್ಲಿ ಎರಡೂ ಮೊಳೆ ಮುಟ್ಟಿ ನೋಡಿ. ಜೋರಾಗಿ ಕೂಗಬೇಕು. ಸದ್ದು ಕುಗ್ಗಿದ್ದರೆ ಬ್ಯಾಟರಿ ಬದಲಿಸಿ.

ಪ್ರಶ್ನೆ: ಬಚ್ಚಲುಮನೆಯ ಪಕ್ಕದ ಗೋಡೆಯಲ್ಲಿ ಬಣ್ಣ ಉಬ್ಬಿ ಬಿಳಿ ಪುಡಿ ಉದುರುತ್ತಿದೆ. ಅಲ್ಲಿ ಅಲಾರಂ ಇಟ್ಟಿದ್ದೇವೆ, ಒಮ್ಮೆಯೂ ಕೂಗಿಲ್ಲ. ಕೆಟ್ಟಿದೆಯಾ?
– ಹೊಳಲ್ಕೆರೆ

ಕೆಟ್ಟಿಲ್ಲ. ಗೋಡೆಯೊಳಗೆ ಇಂಗುವ ನೀರು ನೆಲಕ್ಕೆ ಇಳಿಯುವುದೇ ಇಲ್ಲ, ಅಲಾರಂಗೆ ಹೇಗೆ ಗೊತ್ತಾಗಬೇಕು? ಇದಕ್ಕೆ ನೀವೇ ಪರೀಕ್ಷೆ ಮಾಡಬೇಕು.

ರಾತ್ರಿ ಎಲ್ಲಾ ನಲ್ಲಿ ಬಿಗಿಯಾಗಿ ಮುಚ್ಚಿ, ಮೋಟರ್ ಆಫ್ ಮಾಡಿ. ಟ್ಯಾಂಕಿನ ಒಳಗೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ. ಬೆಳಿಗ್ಗೆ ಯಾರೂ ನೀರು ಮುಟ್ಟುವ ಮುಂಚೆ ನೋಡಿ. ಮಟ್ಟ ಇಳಿದಿದ್ದರೆ ಅದೇ ಪರೀಕ್ಷೆಯನ್ನು ಮರುದಿನ ಟ್ಯಾಂಕಿನಿಂದ ಇಳಿಯುವ ಪೈಪಿನ ವಾಲ್ ಮುಚ್ಚಿ ಮಾಡಿ. ಆಗ ಇಳಿಯದಿದ್ದರೆ ಸೋರಿಕೆ ಮನೆಯೊಳಗಿನ ಪೈಪಿನಲ್ಲಿದೆ. ಆಗಲೂ ಇಳಿದರೆ ಟ್ಯಾಂಕ್ ಅಥವಾ ವಾಲ್ ಸೋರುತ್ತಿದೆ. ಸಂಪಿಗೂ ಹೀಗೇ ನೋಡಬಹುದು. ಆರಡಿಗೆ ಆರಡಿ ಸಂಪಿನಲ್ಲಿ ಒಂದು ಇಂಚು ಇಳಿದರೆ ಸುಮಾರು 85 ಲೀಟರ್ ಹೋಯಿತು ಅಂತ.

ಟ್ಯಾಂಕಿನ ಮಟ್ಟ ಇಳಿಯದೇ ಇದ್ದರೂ ಗೋಡೆ ಒದ್ದೆಯಾಗುತ್ತಿದ್ದರೆ, ಸ್ನಾನದ ನೀರು ಟೈಲ್ಸ್ ಸಂದಿನಿಂದಲೋ ಹೊರಹೋಗುವ ಪೈಪಿನಿಂದಲೋ ಇಂಗುತ್ತಿದೆ. ಎರಡು ದಿನ ಆ ಬಚ್ಚಲು ಬಳಸಬೇಡಿ. ಗೋಡೆ ಒಣಗುತ್ತಾ ಬಂದರೆ ಸಂಶಯ ಬೇಡ. ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕ್ ಕೂಡ ಒಮ್ಮೆ ನೋಡಿ. ಕೇಸರಿಬಾತಿಗೆ ಹಾಕುವ ಬಣ್ಣ ಸ್ವಲ್ಪ ಅದರೊಳಗೆ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಬಣ್ಣ ಕೆಳಗೆ ಇಳಿದಿದ್ದರೆ ಒಳಗಿನ ವಾಶರ್ ಹೋಗಿದೆ.

ಇಷ್ಟು ನೋಡಿದ ಮೇಲೆ ಪ್ಲಂಬರನ್ನು ಕರೆಯಿರಿ. ಪೈಪಿನದ್ದೇ ಸೋರಿಕೆ ಅನಿಸಿದರೆ ಗೇಜ್ ಇರುವ ಕೈಪಂಪಿನಲ್ಲಿ ಒತ್ತಡ ಹಾಕಿ ಪರೀಕ್ಷೆ ಮಾಡಲು ಹೇಳಿ. ಅದಕ್ಕೆ ಮುಂಚೆ ಯಾರಾದರೂ ಸುತ್ತಿಗೆ ಹಿಡಿದು ಟೈಲ್ಸ್ ಒಡೆಯಲು ಬಂದರೆ ಒಪ್ಪಬೇಡಿ. ಒಂದು ಕಡೆ ಸೋರಿದ ನೀರು ಗೋಡೆಯೊಳಗೆ ಹರಿದು ನಾಲ್ಕಡಿ ಆಚೆ ಕಾಣಿಸಿಕೊಂಡದ್ದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.