ತೋಟಗಾರಿಕೆಯೋ, ಉದ್ಯಾನ ವಿನ್ಯಾಸವೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಲೇಜು ಸೇರುವ ಕಾಲವಾದ್ದರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಓದಿಗೆ ಸಂಬಂಧಿಸಿದವು. ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಜಿಲ್ಲೆಗಳಿಂದ ಬಂದ ನಾಲ್ಕು ಪತ್ರಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನವಳು. ಈ ವರ್ಷ ಎಸ್‌ಎಸ್‌ಎಲ್‌ಸಿ ಮುಗಿಸಿದ್ದೇನೆ. ನಮ್ಮ ತಂದೆ ಎರಡು ಎಕರೆಯಲ್ಲಿ ಸೇವಂತಿಗೆ ಬೆಳೆಯುತ್ತಾರೆ. ನನಗೆ ಗಿಡಗಳೂ ಇಷ್ಟ, ಚಿತ್ರ ಬರೆಯುವುದೂ ಇಷ್ಟ. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಎಂಬ ಓದು ಇದೆಯೆಂದು ಕೇಳಿದ್ದೇನೆ. ಅದು ತೋಟಗಾರಿಕೆಯ ಪದವಿಯೊಳಗೇ ಬರುತ್ತದೆಯೇ ಅಥವಾ ಬೇರೆಯೇ? ಪಿಯುಸಿಯಲ್ಲಿ ಜೀವಶಾಸ್ತ್ರ ತೆಗೆದುಕೊಳ್ಳಬೇಕೇ, ಕಂಪ್ಯೂಟರ್ ಸೈನ್ಸ್ ಇದ್ದರೆ ಸಾಲದೇ?

ಉತ್ತರ: ಅರ್ಜಿ ತುಂಬುವ ದಿನ ಹತ್ತಿರವಿರುವುದರಿಂದ ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕೂ ಇರುವ ಪಿಸಿಎಂಬಿ ತೆಗೆದುಕೊಳ್ಳಿ. ತೋಟಗಾರಿಕೆಯ ಬಿ.ಎಸ್ಸಿ. ಪದವಿಗೆ ಸೇರಲು ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರಬೇಕು; ಆರ್ಕಿಟೆಕ್ಚರ್ ಪದವಿಗೆ ಗಣಿತ ಮತ್ತು ಭೌತಶಾಸ್ತ್ರ ಓದಿರಬೇಕು. ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ಸೈನ್ಸ್ ಹಿಡಿದರೆ ಮೊದಲನೆಯ ಬಾಗಿಲು ಇಂದೇ ಮುಚ್ಚಿಹೋಗುತ್ತದೆ. ಯಾವ ಕಡೆ ಹೋಗಬೇಕೆಂದು ಯೋಚಿಸಲು ಇನ್ನೂ ಎರಡು ವರ್ಷ ಕೈಯಲ್ಲಿರುವಾಗ ಅಷ್ಟು ಅವಸರ ಬೇಡ.

ಇವು ಎರಡು ಬೇರೆ ಬೇರೆ ಓದುಗಳು. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್, ಅಂದರೆ ಗಿಡಮರಗಳಿರುವ ಬಯಲು ಜಾಗಗಳ ವಿನ್ಯಾಸ, ನಮ್ಮ ದೇಶದಲ್ಲಿ ಬಹುಮಟ್ಟಿಗೆ ಸ್ನಾತಕೋತ್ತರ ವಿಷಯ. ಐದು ವರ್ಷದ ಬಿ.ಆರ್ಕ್. ಮುಗಿಸಿದವರು ಅದನ್ನು ಮತ್ತೆ ಎರಡು ವರ್ಷ ವಿಶೇಷವಾಗಿ ಓದುತ್ತಾರೆ. ದೆಹಲಿ ಮತ್ತು ಭೋಪಾಲದ ಎಸ್‌ಪಿಎಗಳು (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್) ಹಾಗೂ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ಈ ಓದಿಗೆ ಹೆಸರಾಗಿವೆ. ಬಿ.ಆರ್ಕ್. ಪ್ರವೇಶಕ್ಕೆ ವಾಸ್ತುಶಿಲ್ಪ ಪರಿಷತ್ತು ನಡೆಸುವ ನಾಟಾ ಪರೀಕ್ಷೆ ಬರೆಯಬೇಕು; ನಿಮ್ಮ ಚಿತ್ರದ ಕೈ ಅಲ್ಲಿ ಕೆಲಸಕ್ಕೆ ಬರುತ್ತದೆ. ತೋಟಗಾರಿಕೆಯದು ನಾಲ್ಕು ವರ್ಷದ ಪದವಿ. 2008ರಲ್ಲಿ ಆರಂಭವಾದ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಮಹಾವಿದ್ಯಾಲಯ ನಿಮಗೆ ಹತ್ತಿರದ ಕೋಲಾರದ ಟಮಕದಲ್ಲೇ ಇದೆ. ಸಿಇಟಿ ಮೂಲಕ ಪ್ರವೇಶ. ಕೃಷಿಕರ ಮಕ್ಕಳಿಗೆ ಮೀಸಲಾದ ಸೀಟುಗಳಿಗಾಗಿ ಬೀಜ, ಗೊಬ್ಬರ, ಸಲಕರಣೆಗಳನ್ನು ಗುರುತಿಸುವಂಥ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಹೊಲದಲ್ಲಿ ಬೆಳೆದವರಿಗೆ ಅದು ಹೊರೆಯಲ್ಲ. ಮಣ್ಣು, ಸಸ್ಯಶರೀರಕ್ರಿಯೆ, ರೋಗ, ಕೀಟ, ಹಣ್ಣು, ತರಕಾರಿ, ಹೂವು, ಕೊಯ್ಲಿನ ನಂತರದ ನಿರ್ವಹಣೆ ಇವೆಲ್ಲ ಆ ಪಠ್ಯದಲ್ಲಿ ಬರುತ್ತವೆ. ಉದ್ಯಾನ ವಿನ್ಯಾಸದ ಪಾಲು ಮಾತ್ರ ಒಂದೆರಡು ಪತ್ರಿಕೆಗಳಷ್ಟೇ. ಅದರಲ್ಲೇ ಮುಂದುವರಿಯಬೇಕೆನ್ನುವವರು ಎಂ.ಎಸ್ಸಿ.ಯಲ್ಲಿ ಪುಷ್ಪಕೃಷಿ ಮತ್ತು ಉದ್ಯಾನ ವಿನ್ಯಾಸವನ್ನು ಆರಿಸಿಕೊಳ್ಳುತ್ತಾರೆ.

ತೋಟಗಾರಿಕೆ ಓದಿದವರು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಲು ಕಾನೂನು ಬಿಡುವುದಿಲ್ಲವೆಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ 37ನೇ ಕಲಮು, ಪರಿಷತ್ತಿನಲ್ಲಿ ನೋಂದಣಿಯಾಗದವರು ಆರ್ಕಿಟೆಕ್ಟ್ ಎಂಬ ಬಿರುದು ಬಳಸಬಾರದೆಂದು ಹೇಳುವುದು ನಿಜ. ಆದರೆ ಅದೇ ಕಲಮು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್‌ಗಳಿಗೂ ಹಡಗು ವಿನ್ಯಾಸಕರಿಗೂ ವಿನಾಯಿತಿ ಕೊಟ್ಟಿದೆ. ಗಿಡಮರಗಳಿಗೆ ಸಂಬಂಧಿಸಿದ ಬಯಲು ಜಾಗದ ವಿನ್ಯಾಸ ಮಾಡುವವರು ಎಂದು ಅರ್ಥವನ್ನೂ ಹೇಳಿದೆ. ಅಡ್ಡಿ ಇರುವುದು ಕಾಯ್ದೆಯಲ್ಲಲ್ಲ, ದೊಡ್ಡ ಕೆಲಸ ಒಪ್ಪಿಸುವವರು ಕೇಳುವ ಪದವಿಯಲ್ಲಿ.

ಈಗ ನಿಮ್ಮ ಮನೆಯ ಹೊಲಕ್ಕೇ ಬರೋಣ. ನಿಮ್ಮ ಕಡೆ ಸೇವಂತಿಗೆ ಹೊಲಗಳ ಮೇಲೆ ರಾತ್ರಿ ಸಾಲುಸಾಲಾಗಿ ಬಲ್ಬುಗಳು ಉರಿಯುವುದನ್ನು ನೀವು ನೋಡಿಯೇ ಇರುತ್ತೀರಿ. ಹೊಸಬರು ಹೂ ಕಳ್ಳರ ಭಯಕ್ಕೆಂದು ತಿಳಿಯುತ್ತಾರೆ. ಸೇವಂತಿಗೆ ಮೊಗ್ಗು ಕಟ್ಟಲು ಉದ್ದನೆಯ, ನಡುವೆ ಬೆಳಕು ಬೀಳದ ರಾತ್ರಿ ಬೇಕು. ಬಲ್ಬು ಉರಿಸಿ ಕತ್ತಲನ್ನು ಮುರಿದರೆ ಗಿಡ ಎಲೆ ಹಾಕುತ್ತಾ, ಎತ್ತರ ಬೆಳೆಯುತ್ತಾ ಹೋಗುತ್ತದೆಯೇ ಹೊರತು ಮೊಗ್ಗಿಗೆ ಇಳಿಯುವುದಿಲ್ಲ. ಹೂ ಬೇಕಾದ ಹಬ್ಬದಿಂದ ಹಿಂದಕ್ಕೆ ದಿನ ಎಣಿಸಿ ಬೆಳಕು ನಿಲ್ಲಿಸುವುದು ರೈತರ ಲೆಕ್ಕ. ನಿಮ್ಮ ತಂದೆಯವರು ಕೈಯಿಂದ ಮಾಡುವ ಈ ಕೆಲಸದ ಕಾರಣವನ್ನು ಕಾಲೇಜು ಕಲಿಸುತ್ತದೆ. ಕೆಲಸವನ್ನಂತೂ ನೀವು ಈಗಾಗಲೇ ಬಲ್ಲಿರಿ.

ಇದನ್ನು ಹೇಳಲು ನನ್ನ ಹಳೆಯ ತಪ್ಪೊಂದು ಕಾರಣ. ತೋಟಗಾರಿಕೆಯ ಪದವಿ ಮುಗಿಸಿದ ಹೊಸತರಲ್ಲಿ ಒಂದು ಕಚೇರಿಯ ಮುಂದೆ ಹುಲ್ಲುಹಾಸು ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕೆಂಪುಮಣ್ಣು ತರಿಸಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ಕಣ್ಣಳತೆಯಲ್ಲಿ ಸಮ ಮಾಡಿಸಿ ಹುಲ್ಲು ನೆಡಿಸಿದೆ. ಹುಲ್ಲು ಹಚ್ಚಗೆ ಹಿಡಿಯಿತು. ಮೊದಲ ದೊಡ್ಡ ಮಳೆಗೆ ನೀರೆಲ್ಲ ಕಚೇರಿಯ ಪಡಸಾಲೆಗೆ ನುಗ್ಗಿತು. ಅಲ್ಲಿ ಕೆಲಸ ಮಾಡುತ್ತಿದ್ದ ಗಾರೆ ಮೇಸ್ತ್ರಿ ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ, ಒಂದು ತುದಿಯನ್ನು ಪಡಸಾಲೆಯ ಅಂಚಿಗೂ ಇನ್ನೊಂದನ್ನು ನನ್ನ ಹುಲ್ಲಿನ ಅಂಚಿಗೂ ಹಿಡಿದು ತೋರಿಸಿದರು. ಹುಲ್ಲು ನಾಲ್ಕು ಬೆರಳು ಎತ್ತರದಲ್ಲಿತ್ತು. ನಾಲ್ಕು ವರ್ಷ ಓದಿದ ನನಗೆ ಇಳಿಜಾರು ನೋಡಲು ಬಂದಿರಲಿಲ್ಲ. ಇದಕ್ಕೆ ತದ್ವಿರುದ್ಧವಾದ ತಪ್ಪನ್ನೂ ಕಂಡಿದ್ದೇನೆ: ಸೊಗಸಾದ ನಕ್ಷೆ, ಅಚ್ಚುಕಟ್ಟಾದ ಮೆಟ್ಟಿಲು, ಆದರೆ ಹಿಡಿ ಮಣ್ಣೂ ಇಲ್ಲದ ತೊಟ್ಟಿಯಲ್ಲಿ ಅತ್ತಿ ಮರ.

ಈ ಎರಡು ವಿದ್ಯೆಗಳು ಮೊದಲಿನಿಂದಲೂ ಹೀಗೆ ಬೇರೆಯಾಗಿರಲಿಲ್ಲ. ಜರ್ಮನಿಯಲ್ಲಿ ಕಲಿತು, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡದ ಮೂಲಕ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲಾಲ್‌ಬಾಗಿನ ಉದ್ಯಾನತಜ್ಞ ಕೃಂಬಿಗಲ್ ಗಿಡವನ್ನೂ ಬಲ್ಲವರು, ನಕ್ಷೆಯನ್ನೂ ಬಲ್ಲವರು. ಒಂದಾದ ಮೇಲೊಂದರಂತೆ ವರ್ಷವಿಡೀ ಯಾವುದಾದರೊಂದು ಮರ ಹೂ ಬಿಡುವಂತೆ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿದ್ದು ಅವರೇ. ಹೂವಿನ ತಿಂಗಳು ತಿಳಿಯದ ವಾಸ್ತುಶಿಲ್ಪಿಯಿಂದ ಆ ಕೆಲಸ ಆಗುತ್ತಿರಲಿಲ್ಲ.

ಆದ್ದರಿಂದ ನನ್ನ ಸಲಹೆ ಇದು: ಮನೆಯಲ್ಲಿ ಸಿಗದ ಅರ್ಧವನ್ನು ವಿಶ್ವವಿದ್ಯಾಲಯದಲ್ಲಿ ಓದಿ. ಗಿಡ ನಿಮ್ಮ ಮನೆಯಲ್ಲಿದೆ. ಅಳತೆ, ಇಳಿಜಾರು, ನಕ್ಷೆ ಇಲ್ಲ. ಗಣಿತಕ್ಕೆ ಹೆದರದಿದ್ದರೆ ಮತ್ತು ಏಳು ವರ್ಷದ ಓದಿನ ಖರ್ಚನ್ನು ಮನೆ ತಾಳುವುದಾದರೆ ಬಿ.ಆರ್ಕ್. ಕಡೆ ಹೋಗಿ. ತೋಟಗಾರಿಕೆ ಕಲಿಸಿ ಬದುಕಿದವನು ಹೀಗೆ ಹೇಳುವುದು ನನ್ನ ಹಳೆಯ ಸಹೋದ್ಯೋಗಿಗಳಿಗೆ ಹಿಡಿಸದಿರಬಹುದು. ಖಾಸಗಿ ಆರ್ಕಿಟೆಕ್ಚರ್ ಕಾಲೇಜಿನ ಶುಲ್ಕ ಭಾರವೆನಿಸಿದರೆ, ಅಥವಾ ಬೇಗ ಸಂಬಳ ಬೇಕೆನಿಸಿದರೆ, ಟಮಕದ ಓದು ಯಾವ ರೀತಿಯಲ್ಲೂ ಕೀಳಲ್ಲ. ಸಹಾಯಕ ತೋಟಗಾರಿಕೆ ಅಧಿಕಾರಿ ಹುದ್ದೆ, ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆ ಇವಕ್ಕೆಲ್ಲ ಆ ಪದವಿ ನಡೆಯುತ್ತದೆ. ಆಗ ರಜೆಯಲ್ಲಿ ಒಬ್ಬ ಮೇಸ್ತ್ರಿಯ ಜೊತೆ ಹದಿನೈದು ದಿನ ಟ್ಯೂಬು ಹಿಡಿದು ಓಡಾಡಿ.

ಪ್ರಶ್ನೆ: ನಾನು ತುರುವೇಕೆರೆ ತಾಲ್ಲೂಕಿನವನು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ತೋಟಗಾರಿಕೆಯ ಪದವಿಗೆ ಸೀಟು ಸಿಕ್ಕಿದೆ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಗಿಡದ ಹೆಸರುಗಳು ಲ್ಯಾಟಿನ್ನಿನಲ್ಲಿ ಎಂದು ಕೇಳಿ ಭಯವಾಗುತ್ತಿದೆ. ನಮ್ಮ ಗಿಡಗಳಿಗೆ ನಮ್ಮ ಹೆಸರು ಸಾಲದೇ?

ಉತ್ತರ: ಇಂಗ್ಲಿಷಿನ ಭಯ ಮೊದಲ ವರ್ಷದ್ದು, ನಿಮ್ಮ ಪಕ್ಕದ ಬೆಂಚಿನಲ್ಲಿ ಕೂರುವ ಬಹಳ ಮಂದಿಯ ಸ್ಥಿತಿಯೂ ಇದೇ ಆಗಿರುತ್ತದೆ. ಲ್ಯಾಟಿನ್ ಹೆಸರಿನ ಮುಂದೆ ಮಾತ್ರ ಕನ್ನಡ ಮಾಧ್ಯಮದವರೂ ಇಂಗ್ಲಿಷ್ ಮಾಧ್ಯಮದವರೂ ಸಮಾನರು, ಏಕೆಂದರೆ ಅದು ಯಾರ ಮನೆಮಾತೂ ಅಲ್ಲ.

ನಮ್ಮ ಹೆಸರು ಏಕೆ ಸಾಲದೆಂಬುದನ್ನು ಸಂಪಿಗೆಯಲ್ಲೇ ನೋಡಿ. ನರ್ಸರಿಗೆ ಹತ್ತು ಸಂಪಿಗೆ ಸಸಿ ಬೇಕೆಂದು ಚೀಟಿ ಬರೆದುಕೊಟ್ಟರೆ ಒಬ್ಬರು ಕೆಂಡಸಂಪಿಗೆ ಕೊಡುತ್ತಾರೆ, ಇನ್ನೊಬ್ಬರು ಹಾಲುಸಂಪಿಗೆ ಕೊಡುತ್ತಾರೆ, ಮತ್ತೊಬ್ಬರು ನಾಗಸಂಪಿಗೆ ಎತ್ತಿಡುತ್ತಾರೆ. ಒಂದು ಎತ್ತರದ ನಿತ್ಯಹಸಿರು ಮರ. ಒಂದು ಚಳಿಗಾಲಕ್ಕೆ ಎಲೆ ಉದುರಿಸಿ ಬೋಳಾಗಿ ನಿಲ್ಲುವ, ಮುರಿದರೆ ಹಾಲು ಸುರಿಯುವ ಗಿಡ. ಇನ್ನೊಂದು ಬಹಳ ನಿಧಾನವಾಗಿ ಬೆಳೆಯುವ, ಉಕ್ಕಿನಂಥ ಕಟ್ಟಿಗೆಯ ಮರ. ಮ್ಯಾಗ್ನೋಲಿಯಾ ಚಂಪಕ, ಪ್ಲುಮೇರಿಯಾ, ಮೆಸುವಾ ಫೆರಿಯಾ ಎಂದು ಬರೆದರೆ ಈ ಗೊಂದಲಕ್ಕೆ ಎಡೆಯಿಲ್ಲ. ಆ ಹೆಸರುಗಳು ಪೂರ್ತಿ ಪರಕೀಯವೂ ಅಲ್ಲ: ಚಂಪಕ ನಮ್ಮದೇ ಮಾತು. ಹುಣಸೆಯ ಟ್ಯಾಮರಿಂಡಸ್ ಎಂಬ ಹೆಸರಿನ ಹಿಂದೆ 'ಹಿಂದೂಸ್ತಾನದ ಖರ್ಜೂರ' ಎಂಬ ಅರ್ಥದ ಅರಬ್ಬೀ ಮಾತಿದೆ. ಮರದ ಮೂಲ ಆಫ್ರಿಕವಾದರೂ ಹೆಸರು ನಮಗೆ ಸಿಕ್ಕಿಬಿಟ್ಟಿದೆ. ನಿಮ್ಮ ತೆಂಗು ಕೋಕಸ್ ನ್ಯೂಸಿಫೆರಾ. ನ್ಯೂಸಿಫೆರಾ ಎಂದರೆ ಕಾಯಿ ಹೊರುವುದು ಎಂದರ್ಥ. ಇಷ್ಟನ್ನು ತಿಳಿದುಕೊಂಡು ಓದಿದರೆ ಬಾಯಿಪಾಠ ಅರ್ಧಕ್ಕೆ ಇಳಿಯುತ್ತದೆ. ತರಗತಿ ಆರಂಭವಾಗುವ ಮೊದಲು ನಿಮ್ಮ ತೋಟದ, ಬೇಲಿಯ, ಹೊಲದ ಬದುವಿನ ಗಿಡಗಳ ಎಲೆಗಳನ್ನು ಹಳೆಯ ಪತ್ರಿಕೆಯ ನಡುವೆ ಒಣಗಿಸಿ, ಕೆಳಗೆ ಊರ ಹೆಸರು ಬರೆದು ಜಾಗ ಖಾಲಿ ಬಿಡಿ. ಲ್ಯಾಟಿನ್ ಹೆಸರು ತಿಳಿದಂತೆಲ್ಲ ತುಂಬುತ್ತಾ ಹೋಗಿ.

ಪ್ರಶ್ನೆ: ಮಾಲೂರಿನ ನರ್ಸರಿಯೊಂದರಲ್ಲಿ ಆರು ವರ್ಷದಿಂದ ಮಾವಿನ ಕಸಿ ಕಟ್ಟುತ್ತಿದ್ದೇನೆ. ಓದಿರುವುದು ಎಸ್‌ಎಸ್‌ಎಲ್‌ಸಿ. ನನ್ನಂಥವರಿಗೆ ಪ್ರಮಾಣಪತ್ರ ಸಿಗುವ ಓದು ಇದೆಯೇ?

ಉತ್ತರ: ಇದೆ. ತೋಟಗಾರಿಕೆ ಇಲಾಖೆಯು ತನ್ನ ತರಬೇತಿ ಕೇಂದ್ರಗಳಲ್ಲಿ ಹತ್ತು ತಿಂಗಳ ತೋಟಗಾರಿಕೆ ತರಬೇತಿ ನಡೆಸುತ್ತದೆ. ವಯಸ್ಸಿನ ಮಿತಿ ಇರುವುದರಿಂದ ತಡಮಾಡದೆ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ನಿಮ್ಮ ಕೈಗಂತೂ ಯಾರ ಪ್ರಮಾಣಪತ್ರವೂ ಬೇಕಿಲ್ಲ. ವಾರದ ಮುಂಚೆಯೇ ಎಲೆ ಕಿತ್ತು ಕಸಿಕಡ್ಡಿಯ ಕಣ್ಣು ಉಬ್ಬಿಸಿಕೊಂಡು, ಬೇರುಸಸಿಯ ದಪ್ಪಕ್ಕೆ ಸರಿಯಾಗಿ ಬೆಣೆ ಸೀಳಿ, ಎರಡರ ಸಿಪ್ಪೆ ಒಂದು ಕಡೆಯಾದರೂ ಕೂಡುವಂತೆ ಇಟ್ಟು ಪಟ್ಟಿ ಸುತ್ತುವುದು ಪದವಿ ಪಡೆದವರೆಲ್ಲರಿಗೂ ಬರುವ ಕೆಲಸವಲ್ಲ.

ಪ್ರಶ್ನೆ: ನಾನು ತುಮಕೂರಿನವಳು, ಬಿ.ಆರ್ಕ್. ಕೊನೆಯ ವರ್ಷದಲ್ಲಿದ್ದೇನೆ. ಮುಂದೆ ಲ್ಯಾಂಡ್‌ಸ್ಕೇಪ್ ಓದುವ ಆಸೆ. ಕೋಲಾರ ತಾಲ್ಲೂಕಿನ ಕೆರೆಯೊಂದರ ದಡವನ್ನು ವಿನ್ಯಾಸಗೊಳಿಸುವುದು ನನ್ನ ಪ್ರಾಜೆಕ್ಟ್. ಏರಿಯ ಉದ್ದಕ್ಕೂ ಎರಡು ಸಾಲು ನೆರಳಿನ ಮರ, ನಡುವೆ ನಡೆಯುವ ದಾರಿ, ನೀರಿನ ಕಡೆ ಹುಲ್ಲುಹಾಸು ಹಾಕಿದ್ದೇನೆ. ಯಾವ ಮರಗಳು ಸೂಕ್ತ?

ಉತ್ತರ: ಏರಿಯ ಮೇಲೆ ಯಾವ ದೊಡ್ಡ ಮರವೂ ಸೂಕ್ತವಲ್ಲ. ಮಣ್ಣಿನ ಏರಿಯೊಳಗೆ ಮರದ ಬೇರು ಇಳಿಯುತ್ತದೆ; ಮರ ಸತ್ತ ಮೇಲೆ ಬೇರು ಕೊಳೆತು ಕೊಳವೆಯಂಥ ದಾರಿಯಾಗುತ್ತದೆ; ಕೆರೆ ತುಂಬಿದಾಗ ನೀರು ಆ ದಾರಿಯಲ್ಲಿ ಜಿನುಗಿ, ಮಣ್ಣನ್ನು ಕೊಂಚಕೊಂಚವಾಗಿ ಹೊತ್ತೊಯ್ದು, ಕೊನೆಗೆ ಏರಿ ಒಡೆಯುತ್ತದೆ. ಗಾಳಿಗೆ ಮರ ಬುಡಸಮೇತ ಉರುಳಿದರೂ ಅದೇ ಕಥೆ. ಏರಿಯ ಮೇಲೆ ಬೆಳೆದ ಗಿಡಗಂಟಿಗಳನ್ನು ಹಿಂದಿನವರು ವರ್ಷವರ್ಷವೂ ಕಡಿಯುತ್ತಿದ್ದುದು ಅಂದಕ್ಕಾಗಿ ಅಲ್ಲ.

ನಿಮ್ಮ ಹುಲ್ಲುಹಾಸನ್ನೂ ಒಮ್ಮೆ ಪ್ರಶ್ನಿಸಿಕೊಳ್ಳಿ. ಕೊಳವೆಬಾವಿ ಸಾವಿರ ಅಡಿ ದಾಟಿದ ಜಿಲ್ಲೆಯದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ತ್ಯಾಜ್ಯ ನೀರು ಎರಡು ಹಂತದ ಸಂಸ್ಕರಣೆಯ ನಂತರ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದನ್ನು ತಂದದ್ದು ಅಂತರ್ಜಲ ತುಂಬಿಸಲು. ನಿಮ್ಮ ಕೆರೆ ಆ ಸರಣಿಯಲ್ಲಿದೆಯೇ, ಇಲ್ಲವೇ ಮಳೆಯನ್ನೇ ನಂಬಿದೆಯೇ ಎಂಬುದು ಮೊದಲು ತಿಳಿಯಬೇಕು, ಏಕೆಂದರೆ ಒಂದರಲ್ಲಿ ನೀರಿನ ಅಂಚು ವರ್ಷವಿಡೀ ಹೆಚ್ಚುಕಡಿಮೆ ಒಂದೆಡೆ ನಿಲ್ಲುತ್ತದೆ, ಇನ್ನೊಂದರಲ್ಲಿ ನೂರಾರು ಅಡಿ ಹಿಂದೆ ಮುಂದೆ ಸರಿಯುತ್ತದೆ. ನಕ್ಷೆಯಲ್ಲಿ ನೀವು ಎಳೆದಿರುವ ನೀಲಿ ಗೆರೆ ಯಾವ ತಿಂಗಳಿನದು?

ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಆ ಊರಿನಲ್ಲೇ ಸಿಗುತ್ತಾರೆ. ತೂಬು ತೆರೆಯುತ್ತಿದ್ದ ನೀರುಗಂಟಿ ಮನೆತನದವರು ಈಗಲೂ ಕೆಲವು ಊರುಗಳಲ್ಲಿದ್ದಾರೆ. ಕೆರೆ ಕೋಡಿ ಬಿದ್ದಾಗ ನೀರು ಎಲ್ಲಿಯವರೆಗೆ ನಿಂತಿತ್ತು, ರಾಜಕಾಲುವೆ ಯಾವ ಮೂಲೆಯಿಂದ ಸೇರುತ್ತದೆ, ದನ ಎಲ್ಲಿ ಇಳಿಯುತ್ತವೆ ಎಂದು ಅವರನ್ನು ಕೇಳಿ, ಅಲ್ಲಲ್ಲಿ ಗೂಟ ಹೊಡೆದು ಅಳತೆ ತೆಗೆಯಿರಿ. ಆಮೇಲೆ ಮರ ಆರಿಸುವುದು ಕಷ್ಟವಲ್ಲ. ಕೆಲವು ತಿಂಗಳು ಮುಳುಗಿ ಕೆಲವು ತಿಂಗಳು ಒಣಗುವ ಕೆರೆಯಂಗಳಕ್ಕೆ ಕರಿಜಾಲಿ ತಾಳುತ್ತದೆ. ಕಾಲುವೆಯ ಬಾಯಿಯಲ್ಲಿ ಹೊಳೆಮತ್ತಿ ಮತ್ತು ನೇರಳೆಗೆ ಜಾಗ ಕೊಡಿ. ಎರಡೂ ನೀರಿನ ಅಂಚನ್ನು ಒಲಿಯುವ ಮರಗಳು. ನಡೆಯುವ ದಾರಿಯನ್ನು ಏರಿಯ ಮೇಲೆ ಬರಿಯ ಮಣ್ಣಿನದಾಗಿಯೇ ಉಳಿಸಿ, ಬೆಳಗ್ಗೆ ಸಂಜೆ ನಡೆಯುವವರಿಗೆ ಅಷ್ಟು ಸಾಕು. ನೆರಳಿನ ಹೊಂಗೆ ಮತ್ತು ಹಿಪ್ಪೆಯ ಸಾಲುಗಳನ್ನು ಏರಿಯ ಬುಡದಿಂದ ದೂರಕ್ಕೆ, ಅಚ್ಚುಕಟ್ಟಿನ (ಕೆರೆಯ ನೀರುಣ್ಣುವ ಹೊಲಗದ್ದೆಗಳ) ಕಡೆಯ ರಸ್ತೆಯ ಪಕ್ಕಕ್ಕೆ ಇಳಿಸಿ ಹೊಸ ನಕ್ಷೆ ಬರೆಯಿರಿ.