ಪ್ರವಾಸದ ನಡುವೆ ಹೊಲಿಗೆ ಬಿಚ್ಚುವ ದಿನ ಬಂದರೆ?

ಪ್ರಶ್ನೆ: ನನಗೆ 61 ವರ್ಷ. ಜಾರಿ ಬಿದ್ದು ಬಲ ಮಂಡಿಯ ಮೇಲೆ ಆಳವಾದ ಗಾಯವಾಗಿ ಒಂಬತ್ತು ಹೊಲಿಗೆ ಹಾಕಿದ್ದಾರೆ. 14ನೇ ದಿನ ಬಿಚ್ಚೋಣ ಎಂದಿದ್ದಾರೆ ವೈದ್ಯರು. ಆದರೆ ತಿಂಗಳುಗಳ ಹಿಂದೆಯೇ ಬುಕ್ ಮಾಡಿದ್ದ ಕ್ರೂಸ್ 8ನೇ ದಿನ ಹೊರಡುತ್ತದೆ, ನಾವು ವಾಪಸ್ ಬರುವುದು 17ನೇ ದಿನ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದೇನೆ. ಹೊರಡುವ ಮುಂಚೆಯೇ ಹೊಲಿಗೆ ಬಿಚ್ಚಿಸಿಕೊಂಡುಬಿಡಲೇ? ಹಡಗಿನಲ್ಲಿ ಬಿಚ್ಚಿಕೊಡುತ್ತಾರೆಯೇ? ವಿಡಿಯೊ ನೋಡಿ ತಾನೇ ಬಿಚ್ಚುತ್ತೇನೆ ಎನ್ನುತ್ತಾಳೆ ಮಗಳು. ಈಜುಕೊಳಕ್ಕೆ ಇಳಿಯಬಹುದೇ?

ಉತ್ತರ: ದಯವಿಟ್ಟು ಹೊರಡುವ ಮುಂಚೆ ಬಿಚ್ಚಿಸಿಕೊಳ್ಳಬೇಡಿ. ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ನನಗೆ ಆತಂಕ ತಂದದ್ದು ಇದೊಂದೇ.

ಮುಖದ ಹೊಲಿಗೆಯನ್ನು ಐದು ದಿನಕ್ಕೆಲ್ಲ ಬಿಚ್ಚುತ್ತೇವೆ. ಅಲ್ಲಿ ರಕ್ತ ಧಾರಾಳವಾಗಿ ಹರಿಯುತ್ತದೆ, ಗಾಯ ಬೇಗ ಕೂಡಿಕೊಳ್ಳುತ್ತದೆ, ತಡಮಾಡಿದರೆ ದಾರದ ಗುರುತು ಉಳಿದುಬಿಡುತ್ತದೆ. ನೆತ್ತಿಗೆ 7ರಿಂದ 10 ದಿನ. ಮಂಡಿಯ ಲೆಕ್ಕ ಬೇರೆ. ಕೂತರೆ, ಎದ್ದರೆ, ಮೆಟ್ಟಿಲು ಹತ್ತಿದರೆ ಗಾಯದ ಎರಡು ಅಂಚನ್ನೂ ಚರ್ಮ ಆಚೀಚೆ ಎಳೆಯುತ್ತಲೇ ಇರುತ್ತದೆ. ಹಾಗಾಗಿ ಕೀಲುಗಳ ಮೇಲಿನ ಹೊಲಿಗೆಯನ್ನು 10ರಿಂದ 14 ದಿನ ಬಿಡುತ್ತೇವೆ. ಸಕ್ಕರೆ ಕಾಯಿಲೆ ಇರುವವರಿಗೆ ಗಾಯ ಮಾಯುವುದು ನಿಧಾನವಾದ್ದರಿಂದ ನಿಮ್ಮ ವೈದ್ಯರು 14ನ್ನು ಆರಿಸಿದ್ದಾರೆ. ಸರಿಯಾಗಿಯೇ ಹೇಳಿದ್ದಾರೆ.

ಮೇಲ್ನೋಟಕ್ಕೆ ಅಂಚುಗಳು ಕೂಡಿಕೊಂಡಂತೆ ಕಂಡರೂ ಮೊದಲ ವಾರದ ಕೊನೆಗೆ ಆ ಜಾಗದಲ್ಲಿ ಇರುವ ಬಲ ಮಾಮೂಲಿ ಚರ್ಮದ ಸುಮಾರು ಹತ್ತನೇ ಒಂದು ಪಾಲು ಮಾತ್ರ. ಮೂರು ತಿಂಗಳಿಗೆ ಶೇಕಡಾ 70–80ರಷ್ಟು ಬರುತ್ತದೆ. ಪೂರ್ತಿ ಮೊದಲಿನಂತೆ ಆಗುವುದೇ ಇಲ್ಲ. ಈ ಮೊದಲ ದಿನಗಳಲ್ಲಿ ಆಧಾರವಾಗಿ ನಿಂತಿರುವುದು ಆ ಒಂಬತ್ತು ದಾರಗಳು.

ನಾನು ಕ್ರೂಸ್ ಹಡಗಿನಲ್ಲಿ ವೈದ್ಯಳಾಗಿದ್ದಾಗ ಒಬ್ಬ ಹಿರಿಯರು ಮಂಡಿಗೆ ಟವೆಲ್ ಸುತ್ತಿಕೊಂಡು ಕುಂಟುತ್ತ ಬಂದಿದ್ದರು. ಪ್ರವಾಸದಲ್ಲಿ ರಗಳೆ ಬೇಡವೆಂದು ಹಿಂದಿನ ವಾರ ಒತ್ತಾಯ ಮಾಡಿ ಬೇಗ ಬಿಚ್ಚಿಸಿಕೊಂಡಿದ್ದರಂತೆ. ಸಣ್ಣ ದೋಣಿಯಿಂದ ದಡಕ್ಕೆ ಕಾಲಿಡುವಾಗ ಮಂಡಿ ಜೋರಾಗಿ ಬಗ್ಗಿ, ಗಾಯ ಉದ್ದಕ್ಕೂ ಬಾಯಿ ಬಿಟ್ಟಿತ್ತು. ಅಷ್ಟು ದಿನವಾದ ಗಾಯವನ್ನು ಮತ್ತೆ ಹೊಲಿದು ಮುಚ್ಚಿದರೆ ಒಳಗೆ ಕೀವು ಕಟ್ಟುವ ಭಯ. ಹಾಗಾಗಿ ತೆರೆದೇ ಇಟ್ಟು ದಿನವೂ ತೊಳೆದು ಡ್ರೆಸಿಂಗ್ ಮಾಡಿದೆವು. ಅವರ ಪ್ರವಾಸವೆಲ್ಲ ನಮ್ಮ ಚಿಕಿತ್ಸಾ ಕೋಣೆಯ ಬಾಗಿಲಲ್ಲೇ ಕಳೆಯಿತು. ಅವರ ಮುಖ ನನಗೆ ಇನ್ನೂ ನೆನಪಿದೆ.

ಇನ್ನು ಹಡಗಿನ ವಿಷಯ. ಸಮುದ್ರಯಾನದ ದೊಡ್ಡ ಹಡಗುಗಳಲ್ಲಿ ವೈದ್ಯರು, ನರ್ಸ್‌ಗಳು ಇರುವ ಚಿಕಿತ್ಸಾ ಕೇಂದ್ರ ಇರುತ್ತದೆ, ಸಾಮಾನ್ಯವಾಗಿ ಕೆಳಗಿನ ಅಂತಸ್ತೊಂದರಲ್ಲಿ. ಅಲ್ಲಿ ಏನೇನಿರಬೇಕೆಂಬುದಕ್ಕೆ ಅಮೆರಿಕನ್ ಕಾಲೇಜ್ ಆಫ್ ಎಮರ್ಜೆನ್ಸಿ ಫಿಸಿಷಿಯನ್ಸ್ ರೂಪಿಸಿದ ಮಾರ್ಗಸೂಚಿಯೂ ಇದೆ. ಹೊಲಿಗೆ ಬಿಚ್ಚುವುದು ಅವರಿಗೆ ಹತ್ತು ನಿಮಿಷದ ಕೆಲಸ. ತುರ್ತಿಗೆ ಯಾವ ಹೊತ್ತಿನಲ್ಲಾದರೂ ಬರುತ್ತಾರೆ, ಆದರೆ ಇಂಥ ಕೆಲಸಕ್ಕೆ ಬೆಳಿಗ್ಗೆ ಅಥವಾ ಸಂಜೆಯ ನಿಗದಿತ ಹೊತ್ತಿಗೇ ಹೋಗಿ. ಹಡಗು ಬಂದರಿನಲ್ಲಿ ನಿಂತಿರುವ ದಿನವಾದರೆ ಇನ್ನೂ ಒಳ್ಳೆಯದು. ನೆಲ ಅಲುಗಾಡದಿದ್ದರೆ ಕತ್ತರಿ ಹಿಡಿದವರಿಗೂ ನೆಮ್ಮದಿ. ನದಿಯಲ್ಲಿ ಸಾಗುವ ಸಣ್ಣ ಹಡಗಾದರೆ ವೈದ್ಯರೇ ಇಲ್ಲದಿರಬಹುದು, ಮೊದಲೇ ಕೇಳಿಕೊಳ್ಳಿ.

ಈ ಸೇವೆ ಟಿಕೆಟ್ಟಿನಲ್ಲಿ ಸೇರಿರುವುದಿಲ್ಲ. ಸಾಮಾನ್ಯವಾಗಿ ಶುಲ್ಕ ನಿಮ್ಮ ಕೋಣೆಯ ಲೆಕ್ಕಕ್ಕೆ ಸೇರುತ್ತದೆ, ನೀವು ಕಟ್ಟಿ ಆಮೇಲೆ ವಿಮೆಯವರಿಂದ ಪಡೆಯಬೇಕು. ಊರಿನಲ್ಲಿ ಬಳಸುವ ಆರೋಗ್ಯ ವಿಮೆ ಹಡಗಿನಲ್ಲಿ ನಡೆಯದೇ ಹೋಗಬಹುದು. ಪ್ರವಾಸ ವಿಮೆ ಇದ್ದರೂ, ಅದನ್ನು ಮಾಡಿಸಿದ ಮೇಲೆ ಗಾಯವಾಗಿದ್ದರೆ ವಿಮೆಯವರಿಗೆ ಈಗಲೇ ತಿಳಿಸಿಬಿಡಿ. ರಸೀದಿ, ವೈದ್ಯರ ಟಿಪ್ಪಣಿ ಎರಡನ್ನೂ ಕೇಳಿ ಪಡೆಯಿರಿ.

ಹೊರಡುವ ಮುಂಚೆ ಹೊಲಿಗೆ ಹಾಕಿದವರ ಹತ್ತಿರ ಒಮ್ಮೆ ಹೋಗಿ ಗಾಯ ತೋರಿಸಿ. ಯಾವ ದಿನ ಹಾಕಿದ್ದು, ಎಷ್ಟು ಹೊಲಿಗೆ, ಯಾವ ದಾರ, ಎಂದು ಬಿಚ್ಚಬೇಕು, ಟೆಟನಸ್ ಇಂಜೆಕ್ಷನ್ ಯಾವಾಗ ಆಗಿದೆ, ಇಷ್ಟನ್ನು ಬರೆಸಿಕೊಳ್ಳಿ. ಒಳಗೆ ಕರಗುವ ದಾರವನ್ನೂ ಹಾಕಿದ್ದಾರೆಯೇ ಎಂಬುದು ಹಡಗಿನ ವೈದ್ಯರಿಗೆ ಬೇಕಾಗುವ ವಿಷಯ. ಇನ್ನೊಂದನ್ನೂ ಕೇಳಿ: "17ನೇ ದಿನದವರೆಗೆ ಬಿಟ್ಟರೆ ಆಗುತ್ತದೆಯೇ?" ಮಂಡಿಯ ಗಾಯ ಒಣಗಿಕೊಂಡು ಚೆನ್ನಾಗಿದ್ದರೆ ಮೂರು ದಿನ ತಡವಾದದ್ದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ, ದಾರದ ಗುರುತು ತುಸು ಹೆಚ್ಚು ಉಳಿದೀತು. ಅವರು ಒಪ್ಪಿದರೆ ನನ್ನ ಆಯ್ಕೆ ಅದೇ. ನಿಮ್ಮ ಗಾಯವನ್ನು ಮೊದಲಿನಿಂದ ನೋಡಿದವರೇ ಬಿಚ್ಚಿದಂತಾಗುತ್ತದೆ.

ಮಗಳಿಗೆ ನನ್ನ ಪ್ರೀತಿ ತಿಳಿಸಿ, ಆದರೆ ಈ ಕೆಲಸ ಅವಳಿಗೆ ಬೇಡ. ನೋಡಲು ಸುಲಭ. ಗಂಟನ್ನು ಚಿಮುಟದಲ್ಲಿ ಮೆಲ್ಲಗೆ ಎತ್ತಿ, ಅದರ ಕೆಳಗೆ ಚರ್ಮಕ್ಕೆ ಅಂಟಿಕೊಂಡಂತೆ ಒಂದೇ ಕಡೆ ಕತ್ತರಿಸಿ, ಗಾಯದ ಕಡೆಗೆ ಎಳೆಯಬೇಕು. ಹೊರಗೆ ಕೊಳೆ ಹಿಡಿದಿರುವ ದಾರ ಮಾಂಸದೊಳಗೆ ತೂರಿ ಹೋಗದಿರಲಿ ಎಂದು ಈ ಕ್ರಮ. ಗಂಟಿನ ಎರಡೂ ಕಡೆ ಕತ್ತರಿಸಿಬಿಟ್ಟರೆ ಚೂರು ಒಳಗೇ ಉಳಿಯುತ್ತದೆ. ಇದನ್ನೆಲ್ಲ ಅವಳು ಕಲಿತಾಳು. ಆದರೆ ಎರಡು ಹೊಲಿಗೆ ಬಿಚ್ಚಿದ ಮೇಲೆ ಅಂಚು ಕೂದಲೆಳೆಯಷ್ಟು ಬಿರಿದರೆ ಅಲ್ಲಿಗೇ ನಿಲ್ಲಿಸಿ ಉಳಿದದ್ದನ್ನು ಬಿಡಬೇಕು ಎಂದು ತೀರ್ಮಾನಿಸುವುದು ನೂರಾರು ಗಾಯ ನೋಡಿದ ಕಣ್ಣಿಗೆ ಸಾಧ್ಯ. ಸಕ್ಕರೆ ಕಾಯಿಲೆ ಇರುವವರ ಮಂಡಿಯ ಮೇಲೆ ಮೊದಲ ಪಾಠ ಬೇಡ.

ಈಜುಕೊಳ, ಬಿಸಿನೀರಿನ ತೊಟ್ಟಿ, ಸಮುದ್ರ, ಈ ಪ್ರವಾಸದಲ್ಲಿ ಮೂರೂ ಬೇಡ. ಬೆಚ್ಚಗಿನ ಸಮುದ್ರದ ನೀರಿನಲ್ಲಿ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಅದು ಗಾಯಕ್ಕೆ ತಗುಲುವುದು ಅಪರೂಪ, ತಗುಲಿದರೆ ಗಂಟೆಗಳಲ್ಲಿ ಉಲ್ಬಣಿಸಬಹುದು. ಯಕೃತ್ತಿನ ತೊಂದರೆ, ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಸ್ನಾನಕ್ಕೆ ಅಡ್ಡಿಯಿಲ್ಲ, ಆಮೇಲೆ ಉಜ್ಜದೆ ಒತ್ತಿ ಒರೆಸಿ. ಕೆಂಪು ಹರಡುತ್ತ ಹೋದರೆ, ನೋವು ಕಡಿಮೆಯಾಗುವ ಬದಲು ಏರಿದರೆ, ಕೀವು, ಜ್ವರ ಕಂಡರೆ ಚಿಕಿತ್ಸಾ ಕೇಂದ್ರಕ್ಕೆ ಅದೇ ಗಳಿಗೆ ಹೋಗಿ, ನಡುರಾತ್ರಿಯಾದರೂ ಸಂಕೋಚಪಡಬೇಡಿ.

ಪ್ರಶ್ನೆ: ಪತಿಯ ತಲೆಗೆ ಪೆಟ್ಟಾಗಿ, ದಾರದ ಬದಲು ಲೋಹದ ಪಿನ್ ಹಾಕಿದ್ದಾರೆ. ಹಡಗಿನಲ್ಲಿ ಅದನ್ನೂ ತೆಗೆಯುತ್ತಾರೆಯೇ?

ಉತ್ತರ: ತೆಗೆಯುತ್ತಾರೆ, ಆದರೆ ಅದಕ್ಕೆ ಬೇರೆಯದೇ ಸಾಧನ ಬೇಕು. ಅದರ ತುದಿ ಪಿನ್ನಿನ ನಡುವನ್ನು ಒತ್ತಿ ಬಗ್ಗಿಸಿದಾಗ ಎರಡೂ ಕಾಲುಗಳು ಚರ್ಮದಿಂದ ಮೇಲೇಳುತ್ತವೆ. ಮಾಮೂಲಿ ಚಿಮುಟದಿಂದ ಎಳೆದರೆ ನೋವು, ರಕ್ತ ಎರಡೂ. ಒಮ್ಮೆ ಬಳಸಿ ಬಿಸಾಡುವ, ಸೀಲ್ ಮಾಡಿದ ಸಾಧನ ಸಿಗುತ್ತದೆ. ಪಿನ್ ಹಾಕಿದ ಆಸ್ಪತ್ರೆಯಲ್ಲೇ ಒಂದನ್ನು ಕೇಳಿ ಪಡೆದು, ಸೀಲ್ ಒಡೆಯದೆ ವೈದ್ಯರ ಚೀಟಿಯ ಜೊತೆ ಇಟ್ಟುಕೊಳ್ಳಿ. ತಲೆಗೆ ಪೆಟ್ಟು ಬಿದ್ದಿರುವುದರಿಂದ ಪ್ರಯಾಣ ಮಾಡಬಹುದೇ ಎಂಬುದನ್ನು ಪಿನ್ನಿನ ಮಾತಿಗಿಂತ ಮೊದಲು ವೈದ್ಯರಲ್ಲಿ ಕೇಳಿ. ನಿಮ್ಮ ಪತಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮರೆಯದೆ ಹೇಳಿ.